ಊರಿನ ಸೈಕ್ಲಿಂಗ್ ಕ್ಲಬ್ ಸೇರಬೇಕೇ, ಬೇಡವೇ? ತೀರ್ಮಾನಿಸುವ ಮುನ್ನ ಒಂದು ಸಮಗ್ರ ಮಾರ್ಗದರ್ಶಿ

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಬೆಂಗಳೂರಿನ ಹೆಬ್ಬಾಳದಿಂದ ದೇವನಹಳ್ಳಿ ಕಡೆಗೆ ಹೋದರೆ ಒಂದೇ ಬಣ್ಣದ ಜರ್ಸಿ ತೊಟ್ಟ ಸೈಕಲ್ ಸಾಲುಗಳು ಕಣ್ಣಿಗೆ ಬೀಳುತ್ತವೆ. ಮೈಸೂರಿನಲ್ಲಾದರೆ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ. ಹೊಸದಾಗಿ ಗೇರ್ ಸೈಕಲ್ ಕೊಂಡವರಿಗೆ ಇದನ್ನು ಕಂಡಾಗ ಆಸೆಯೂ ಆಗುತ್ತದೆ, ಅಳುಕೂ ಆಗುತ್ತದೆ. ಸೇರಿದರೆ ಶಿಸ್ತು ಬಂದೀತು, ನಾಲ್ಕು ಜನರ ಪರಿಚಯವಾದೀತು ಅನ್ನುವುದು ಆಸೆ. ಹಿಂದೆ ಬಿದ್ದರೆ ಎಲ್ಲರೆದುರು ಮಾನ ಹೋದೀತು, ದುಬಾರಿ ಸೈಕಲ್ ಇಲ್ಲದಿದ್ದರೆ ಮೂಲೆಗೆ ತಳ್ಳಿಯಾರು ಅನ್ನುವುದು ಅಳುಕು.

ಎರಡಕ್ಕೂ ಆಧಾರವಿದೆ. ಕ್ಲಬ್ಬಿನಿಂದ ಕ್ಲಬ್ಬಿಗೆ ಅಷ್ಟು ವ್ಯತ್ಯಾಸ. ನನ್ನ ಮಟ್ಟಿಗೆ ಕ್ಲಬ್ ಅಳೆಯುವ ಕೋಲು ಒಂದೇ: ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ಬರುವವರಿಗೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಕಂಡುಕೊಂಡರೆ ಉಳಿದ ಮುಕ್ಕಾಲು ಪಾಲು ತಾನಾಗಿ ತಿಳಿಯುತ್ತದೆ. ಆ ಉತ್ತರ ಹುಡುಕುವ ದಾರಿಯನ್ನು ಮನೆಯಿಂದಲೇ ಶುರು ಮಾಡೋಣ.

ಹೆಜ್ಜೆ 1: ಭಾನುವಾರದ ಲೆಕ್ಕ ಹಾಕಿ

"ಬೆಳಗ್ಗೆ ಹೋಗಿ ಎಂಟಕ್ಕೆಲ್ಲ ಬಂದ್‌ಬಿಡ್ತೀನಿ" ಎಂಬುದು ಸೈಕಲ್ ತುಳಿಯುವವರು ಮನೆಯಲ್ಲಿ ಹೇಳುವ ಮೊದಲ ಸುಳ್ಳು. ನಿಜವಾದ ಲೆಕ್ಕ ಹೀಗಿದೆ. ಐವತ್ತು ಕಿ.ಮೀ. ರೈಡ್, ಗಂಟೆಗೆ 20 ಕಿ.ಮೀ. ಸರಾಸರಿ ಎಂದುಕೊಳ್ಳಿ. ಬರೀ ತುಳಿಯುವುದಕ್ಕೇ ಎರಡೂವರೆ ಗಂಟೆ. ಎಲ್ಲರೂ ಬಂದು ಸೇರಲು ಇಪ್ಪತ್ತು ನಿಮಿಷ, ತಿಂಡಿಗೆ ಮುಕ್ಕಾಲು ಗಂಟೆ, ಯಾರದೋ ಪಂಕ್ಚರಿಗೆ ಕಾಲು ಗಂಟೆ, ಫೋಟೊಗೆ ಹತ್ತು ನಿಮಿಷ. ಸೇರುವ ಜಾಗ ನಿಮ್ಮ ಮನೆಯಿಂದ ಹತ್ತು ಕಿ.ಮೀ. ಇದ್ದರೆ ಹೋಗಿ ಬರಲು ಇನ್ನೊಂದು ಗಂಟೆ. ಅಲ್ಲಿಗೆ ಐದು ಗಂಟೆ ಆಯಿತು. ಮನೆಗೆ ಬಂದು ಸ್ನಾನ ಮಾಡಿ "ಸ್ವಲ್ಪ ಕಾಲು ಚಾಚ್ತೀನಿ" ಅಂದರೆ ಮಧ್ಯಾಹ್ನದ ಊಟದ ತನಕ ಯಾವ ಕೆಲಸಕ್ಕೂ ಒದಗುವುದಿಲ್ಲ.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ, ವಯಸ್ಸಾದ ತಂದೆತಾಯಿ ಇದ್ದರೆ, ವಾರದ ಸಂತೆ ಭಾನುವಾರವೇ ಇದ್ದರೆ ಈ ಐದು ಗಂಟೆ ಬೇರೆ ಯಾರದೋ ತಲೆ ಮೇಲೆ ಬೀಳುತ್ತದೆ. ಅವರೊಂದಿಗೆ ಮೊದಲೇ ಕೂತು ಮಾತಾಡಿ. ತಿಂಗಳಿಗೆ ಎರಡು ಭಾನುವಾರ ಸಿಕ್ಕರೂ ಕ್ಲಬ್ ಸೇರಬಹುದು. ಎರಡು ತಿಂಗಳಿಗೆ ಒಂದು ಸಿಕ್ಕುವ ಹಾಗಿದ್ದರೆ ವಾಟ್ಸಾಪ್ ಗುಂಪಿನಲ್ಲಿ ಬೇರೆಯವರ ಫೋಟೊ ನೋಡಿ ಹೊಟ್ಟೆ ಉರಿಸಿಕೊಳ್ಳುವುದಷ್ಟೇ ಉಳಿಯುತ್ತದೆ.

ಹೆಜ್ಜೆ 2: ಒಬ್ಬರೇ ಹೋಗಿ ನಿಮ್ಮ ಅಳತೆ ತಿಳಿದುಕೊಳ್ಳಿ

ಕ್ಲಬ್ಬಿನವರು ಮೊದಲು ಕೇಳುವುದೇ "ಎಷ್ಟು ಆವರೇಜ್ ಹೊಡೀತೀರಾ?" ಅಂತ. ಉತ್ತರ ಗೊತ್ತಿರಲಿ. ಸ್ಟ್ರಾವಾದಂಥ ಯಾವುದಾದರೂ ಆ್ಯಪ್ ಹಾಕಿಕೊಂಡು 30 ಕಿ.ಮೀ. ಸವಾರಿ ಮಾಡಿ. ಆ್ಯಪ್‌ನಲ್ಲಿ ಎರಡು ಸಮಯ ಕಾಣುತ್ತವೆ: ಚಕ್ರ ತಿರುಗಿದ ಸಮಯ, ಮನೆ ಬಿಟ್ಟಾಗಿನಿಂದ ಕಳೆದ ಒಟ್ಟು ಸಮಯ. ಕ್ಲಬ್ಬುಗಳು "25 ಆವರೇಜ್" ಅನ್ನುವುದು ಸಾಮಾನ್ಯವಾಗಿ ಮೊದಲನೆಯದರ ಲೆಕ್ಕದಲ್ಲಿ. ಟೀ ಕುಡಿದ ಹೊತ್ತು ಅದರಲ್ಲಿ ಸೇರುವುದಿಲ್ಲ.

ಹೊರಡುವ ಮುಂಚೆ ಸೀಟಿನ ಎತ್ತರ ಸರಿಮಾಡಿ. ಪೆಡಲ್ ಪೂರಾ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಲ್ಲಿ ತುಳಿಯುವಾಗ ಮೊಣಕಾಲು ತುಸು ಬಾಗಿರುತ್ತದೆ. ನಮ್ಮಲ್ಲಿ ಬಹಳ ಜನ ಕಾಲು ನೆಲಕ್ಕೆ ಎಟುಕಲಿ ಎಂದು ಸೀಟು ತಗ್ಗಿಸಿಕೊಂಡು, ಆಮೇಲೆ ಮೊಣಕಾಲು ನೋವಿಗೆ ಸೈಕಲ್ಲನ್ನೇ ಬೈಯುತ್ತಾರೆ.

ಒಬ್ಬರೇ ಗಂಟೆಗೆ 18ರಿಂದ 20 ಕಿ.ಮೀ. ವೇಗದಲ್ಲಿ ಒಂದೂವರೆ ಗಂಟೆ ತುಳಿಯಬಲ್ಲಿರಾದರೆ ಹೊಸಬರನ್ನು ಕರೆದೊಯ್ಯುವ ಯಾವ ರೈಡ್‌ಗೂ ಹೋಗಬಹುದು. ಗುಂಪಿನ ನಡುವೆ ನಿಮ್ಮ ವೇಗ ಎರಡು ಮೂರು ಕಿ.ಮೀ. ತಾನಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ಎದುರೊತ್ತು ನಾಲ್ಕು ಪಟ್ಟಾಗುತ್ತದೆ, ಮುಂದಿನವರ ಬೆನ್ನ ಹಿಂದೆ ಸೇರಿಕೊಂಡಾಗ ಆ ಒತ್ತಡದ ಒಳ್ಳೆಯ ಪಾಲು ಅವರ ಮೇಲೆ ಬೀಳುತ್ತದೆ. ಏರಿನಲ್ಲಿ ಮಾತ್ರ ಈ ಲಾಭ ಇಲ್ಲ. ಅಲ್ಲಿ ಅವರವರ ಮೈಭಾರ ಅವರವರೇ ಹೊರಬೇಕು. ಎದೆನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಇತಿಹಾಸ ಇರುವವರು ವೈದ್ಯರಿಗೆ ತೋರಿಸಿಯೇ ಗುಂಪಿಗೆ ಇಳಿಯಿರಿ. ಗುಂಪಿನ ಹುರುಪಿನಲ್ಲಿ ಮೈ ಕೊಡುವ ಎಚ್ಚರಿಕೆ ಕಿವಿಗೆ ಬೀಳುವುದಿಲ್ಲ.

ಹೆಜ್ಜೆ 3: ಅದು ಯಾವ ಜಾತಿಯ ಕ್ಲಬ್ ಎಂದು ಗುರುತಿಸಿ

ಸೈಕ್ಲಿಂಗ್ ಕ್ಲಬ್ ಎಂಬ ಒಂದೇ ಬೋರ್ಡಿನ ಅಡಿಯಲ್ಲಿ ನಾಲ್ಕೈದು ಬೇರೆ ಬೇರೆ ವ್ಯವಹಾರ ನಡೆಯುತ್ತವೆ. ಮೊದಲನೆಯದು ಬಡಾವಣೆಯ ಗುಂಪು. ಮೂವತ್ತು ನಲವತ್ತು ಕಿ.ಮೀ., ಕೊನೆಗೆ ತಟ್ಟೆ ಇಡ್ಲಿ. ಶುಲ್ಕ ಇಲ್ಲ, ನೋಂದಣಿ ಇಲ್ಲ, ಒಬ್ಬಿಬ್ಬರು ಉತ್ಸಾಹಿಗಳ ಮೇಲೆ ನಿಂತಿರುತ್ತದೆ. ಅವರಿಗೆ ವರ್ಗವಾದರೆ ಗುಂಪೂ ಮಾಯ. ಹೊಸಬರಿಗೆ ಇದರಷ್ಟು ಹಿತವಾದ ಜಾಗ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಎರಡನೆಯದು ಸೈಕಲ್ ಅಂಗಡಿಯವರು ನಡೆಸುವ ರೈಡ್. ಮೆಕ್ಯಾನಿಕ್ ಜೊತೆಗಿರುತ್ತಾರೆ, ಅದೊಂದು ದೊಡ್ಡ ಅನುಕೂಲ. ಪ್ರತಿ ರೈಡ್ ಮುಗಿದ ಮೇಲೂ ನಿಮ್ಮ ಸೈಕಲ್ಲಿಗೆ ಹೊಸದೇನೋ ಬೇಕಾಗಿದೆ ಎಂದು ತಿಳಿದುಬರುತ್ತದೆ, ಅದೂ ಅಷ್ಟೇ ನಿಜ.

ಮೂರನೆಯದು ಬ್ರೆವೆ ಮಾಡುವವರ ಕೂಟ. ಇದು ಸ್ಪರ್ಧೆಯಲ್ಲ, ಗಡುವಿನೊಳಗೆ ದೂರ ಮುಗಿಸುವ ಸವಾರಿ: 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಈ ನಾಲ್ಕನ್ನೂ ಒಂದೇ ಋತುವಿನಲ್ಲಿ ಮುಗಿಸಿದವರು ಸೂಪರ್ ರಾಂಡೊನರ್. ಫ್ರಾನ್ಸಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಸುಮಾರು 1200 ಕಿ.ಮೀ.ಗಳ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ಗೆ ಹೋಗಬೇಕೆಂಬುವವರು ಈ ದಾರಿಯಲ್ಲೇ ಬರಬೇಕು. 2023ರಲ್ಲಿ ಅದು ನಡೆದಿತ್ತು. ಲೆಕ್ಕ ಹಾಕಿ ನೋಡಿ, 200ರ ಬ್ರೆವೆಗೆ ನಿಲುಗಡೆಗಳೆಲ್ಲ ಸೇರಿ ಗಂಟೆಗೆ 15 ಕಿ.ಮೀ.ಗೂ ತುಸು ಕಮ್ಮಿ ಸರಾಸರಿ ಸಾಕು. ಸಾಧಾರಣ ಸವಾರರಿಗೂ ಎಟುಕುವ ಗುರಿ. ಆದರೆ ಬ್ರೆವೆಯ ನಿಯಮವೇ ಸ್ವಾವಲಂಬನೆ. ಸವಾರರು ಬಂದುಹೋದದ್ದನ್ನು ಗುರುತು ಹಾಕುವ ನಿಗದಿತ ಕಂಟ್ರೋಲ್ ಜಾಗಗಳನ್ನು ಬಿಟ್ಟು ಬೇರೆಲ್ಲೂ ನಿಮ್ಮ ಕಡೆಯ ಕಾರು ಬಂದು ನೆರವಾಗುವಂತಿಲ್ಲ. ಇಲ್ಲಿ ಹಿಂದೆ ಬಿದ್ದವರಿಗಾಗಿ ಯಾರೂ ಕಾಯದಿದ್ದರೆ ಅದನ್ನು ಸೊಕ್ಕು ಎಂದುಕೊಳ್ಳಬೇಡಿ, ಆಟದ ಸ್ವರೂಪವೇ ಹಾಗೆ. ಜೊತೆ ಬೇಕೆಂದು ಕ್ಲಬ್ ಹುಡುಕುವವರು ಮೊದಲಿಗೇ ಇಲ್ಲಿಗೆ ಬಂದರೆ ನಿರಾಸೆಯಾಗುತ್ತದೆ.

ನಾಲ್ಕನೆಯದು ರೇಸಿನವರು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ನಮ್ಮ ರಾಜ್ಯದ ಸೈಕ್ಲಿಂಗಿನ ತವರು. ಬೆಂಗಳೂರಿನಲ್ಲಿ ನಲವತ್ತರ ಹರೆಯದಲ್ಲಿ ಹವ್ಯಾಸವಾಗಿ ಶುರುವಾಗುವುದು ಅಲ್ಲಿ ಹನ್ನೆರಡು ಹದಿಮೂರರ ವಯಸ್ಸಿಗೆ ಕ್ರೀಡಾ ವಸತಿ ನಿಲಯದಲ್ಲಿ ಶುರುವಾಗುತ್ತದೆ. ರೈತರ ಮಕ್ಕಳು, ಉದ್ದಾನುದ್ದ ಬಯಲು ರಸ್ತೆ, ಎದುರುಗಾಳಿ. ಮಗ ಅಥವಾ ಮಗಳಿಗೆ ರೇಸಿನ ಆಸಕ್ತಿ ಇದ್ದರೆ ಭಾನುವಾರದ ತಿಂಡಿ ಗುಂಪಿಗೆ ಸೇರಿಸಿ ಪ್ರಯೋಜನವಿಲ್ಲ. ಕೋಚ್ ಇರುವ, ರಾಜ್ಯ ಸೈಕ್ಲಿಂಗ್ ಸಂಸ್ಥೆಯ ಸಂಪರ್ಕವಿರುವ ಜಾಗವನ್ನೇ ಹುಡುಕಬೇಕು.

ಇವಲ್ಲದೆ ಮಣ್ಣುದಾರಿಯ ಎಂಟಿಬಿ (ಮೌಂಟನ್ ಬೈಕ್) ಗುಂಪುಗಳಿವೆ. ಬೆಂಗಳೂರಿನ ತುರಹಳ್ಳಿಯಂಥ ಕಾಡಿನ ಜಾಗಕ್ಕೆ ಕರೆದೊಯ್ಯುತ್ತೇವೆ ಅಂದರೆ ಅರಣ್ಯ ಇಲಾಖೆಯ ಅನುಮತಿ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಒಂದೇ ಕ್ಲಬ್ಬಿನಲ್ಲಿ ಈ ಎಲ್ಲ ಬಗೆಯವರೂ ಬೆರೆತಿದ್ದು, ವೇಗಕ್ಕೆ ತಕ್ಕ ಗುಂಪು ಮಾಡದೆ ಒಟ್ಟಿಗೆ ಹೊರಟರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಕತೆ. ಒಬ್ಬರಿಗೆ ನಂದಿ ಬೆಟ್ಟದ ಏರಿನಲ್ಲಿ ತಮ್ಮ ಹಳೆಯ ಟೈಮಿಂಗ್ ಮುರಿಯಬೇಕು, ಇನ್ನೊಬ್ಬರಿಗೆ ಏಳೂವರೆಗೆ ಕಾಫಿ ಬೇಕು.

ಹೆಜ್ಜೆ 4: ಹೋಗುವ ಮುಂಚೆ ಕೇಳಿ

ಅಡ್ಮಿನ್‌ಗೆ ಒಂದು ಮೆಸೇಜ್ ಹಾಕಿದರೆ ಸಾಕು. "ಸರ್, ನಾನು ಹೊಸಬ. ಒಬ್ಬನೇ 30 ಕಿ.ಮೀ.ಗೆ 19 ಆವರೇಜ್ ಬರುತ್ತೆ. ಈ ವಾರದ ರೈಡ್ ನೋ-ಡ್ರಾಪ್ ಇದೆಯಾ? ಕೊನೆಯಲ್ಲಿ ಸ್ವೀಪ್ ಯಾರು ಬರ್ತಾರೆ? ಯಾವ ರೂಟ್?" ನೋ-ಡ್ರಾಪ್ ಅಂದರೆ ಯಾರನ್ನೂ ಬಿಟ್ಟು ಹೋಗುವುದಿಲ್ಲ ಎಂಬ ಮಾತು. ಸ್ವೀಪ್ ಅಂದರೆ ಎಲ್ಲರಿಗಿಂತ ಹಿಂದೆ ಉಳಿಯುವ ಹೊಣೆ ಹೊತ್ತವರು. ಈ ಎರಡು ಮಾತಿಗೆ ಸ್ಪಷ್ಟ ಉತ್ತರ ಬಂದರೆ ಒಳ್ಳೆಯ ಲಕ್ಷಣ. "ಬನ್ನಿ ಗುರು, ಏನೂ ಆಗಲ್ಲ" ಎಂದಷ್ಟೇ ಬಂದರೆ ಮನಸ್ಸು ಒಳ್ಳೆಯದಿರಬಹುದು, ಏರ್ಪಾಡು ಇಲ್ಲ ಎಂದು ತಿಳಿಯಿರಿ.

ರೂಟ್ ಯಾವುದು ಎಂದು ಕೇಳುವುದು ಸುಮ್ಮನೆ ಅಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರುಗಳ ಜೊತೆ ಸೈಕಲ್ಲಿನಂಥ ಎಂಜಿನ್ ಇಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಬಿಡದಿಗೆ ಇಡ್ಲಿ ತಿನ್ನಲು ಹೋಗುವುದಾದರೂ ಸರ್ವಿಸ್ ರಸ್ತೆಯೇ ಗತಿ. ಬೆಳಗ್ಗೆ ಗಾಡಿ ಕಮ್ಮಿ ಎಂದು ಮುಖ್ಯ ಪಥಕ್ಕೆ ನುಗ್ಗಿಸುವ ಕ್ಲಬ್ಬಿನ ಸಹವಾಸ ಬೇಡ.

ಹೆಣ್ಣುಮಕ್ಕಳು ಇನ್ನೆರಡು ಮಾತು ಕೇಳಿಕೊಳ್ಳಿ. ವಾರವಾರ ಬರುವ ಮಹಿಳೆಯರು ಎಷ್ಟು ಮಂದಿ ಇದ್ದಾರೆ? ನಿಲ್ಲುವ ಜಾಗದಲ್ಲಿ ಶೌಚಾಲಯ ಇದೆಯೇ? ಎರಡನೆಯ ಪ್ರಶ್ನೆಯನ್ನು ಮೊದಲೇ ಯೋಚಿಸಿಟ್ಟ ಕ್ಲಬ್ಬಿನಲ್ಲಿ ಮೊದಲನೆಯದಕ್ಕೂ ಒಳ್ಳೆಯ ಉತ್ತರ ಇರುತ್ತದೆ. ಬೆಳಗಿನ ಐದೂವರೆಯ ಕತ್ತಲಲ್ಲಿ ಸೇರುವ ಜಾಗಕ್ಕೆ ಬೀದಿದೀಪ ಇದೆಯೇ ಎಂಬುದನ್ನು ಹಿಂದಿನ ದಿನವೇ ನೋಡಿಕೊಂಡು ಬನ್ನಿ.

ಹೆಜ್ಜೆ 5: ಮೊದಲ ರೈಡ್, ಕಣ್ಣು ಬಿಟ್ಟುಕೊಂಡು

ಹೆಲ್ಮೆಟ್, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ನೀರಿನ ಬಾಟಲಿ, ನಿಮ್ಮ ಚಕ್ರದ ಅಳತೆಯದೇ ಒಂದು ಟ್ಯೂಬ್, ಟೈರ್ ಬಿಚ್ಚುವ ಲಿವರ್, ಚಿಕ್ಕ ಪಂಪ್, ಗುರುತಿನ ಚೀಟಿ, ಇನ್ನೂರು ರೂಪಾಯಿ ನಗದು. ಟ್ಯೂಬ್ ಬದಲಿಸಲು ಬಾರದಿದ್ದರೂ ಟ್ಯೂಬ್ ಒಯ್ಯಿರಿ. ಬದಲಿಸಿಕೊಡುವವರು ಸಿಗುತ್ತಾರೆ, ನಿಮ್ಮ ಅಳತೆಯ ಟ್ಯೂಬ್ ಬೇರೆಯವರ ಬಳಿ ಸಿಗುವುದು ಕಷ್ಟ. ಅದರ ವಾಲ್ವ್ ತೆಳ್ಳನೆಯದೋ ದಪ್ಪನೆಯದೋ ಎಂಬುದನ್ನೂ ನೋಡಿಟ್ಟುಕೊಳ್ಳಿ. ತೆಳ್ಳನೆಯ ವಾಲ್ವ್‌ಗೆ ಪೆಟ್ರೋಲ್ ಬಂಕಿನ ಗಾಳಿ ಪೈಪ್ ನೇರವಾಗಿ ಕೂರುವುದಿಲ್ಲ, ಬೆರಳ ತುದಿಯಷ್ಟರ ಹಿತ್ತಾಳೆ ಅಡಾಪ್ಟರ್ ಬೇಕು.

ಗುಂಪಿನಲ್ಲಿ ಸವಾರಿ ಮಾಡುವಾಗ ಒಂದು ನಿಯಮ ಮಾತ್ರ ಯಾವತ್ತೂ ಮೀರಬೇಡಿ. ನಿಮ್ಮ ಮುಂದಿನ ಚಕ್ರ ಮುಂದಿನವರ ಹಿಂದಿನ ಚಕ್ರದ ಪಕ್ಕಕ್ಕೆ ಹೋಗಿ ನಿಲ್ಲಬಾರದು. ಅವರು ಗುಂಡಿ ತಪ್ಪಿಸಲು ಒಂದು ಗೇಣು ಸರಿದರೂ ಎರಡು ಚಕ್ರ ಉಜ್ಜುತ್ತವೆ. ಆಗ ಬೀಳುವವರು ಹಿಂದಿನವರೇ, ಯಾಕೆಂದರೆ ಹ್ಯಾಂಡಲ್ ಇರುವುದು ಮುಂದಿನ ಚಕ್ರಕ್ಕೆ, ಅದು ತಿರುಗದೆ ಹೋದರೆ ಮೈಯನ್ನು ಸಂಭಾಳಿಸಲು ಆಗುವುದಿಲ್ಲ. ಹೊಸದರಲ್ಲಿ ಒಂದು ಸೈಕಲ್ಲಿನ ಉದ್ದದಷ್ಟು ಅಂತರ ಬಿಡಿ. ಗಾಳಿಯ ಲಾಭ ಸ್ವಲ್ಪ ಕಮ್ಮಿಯಾದರೆ ಆಗಲಿ.

ಈಗ ನೋಡಬೇಕಾದದ್ದು. ಹೊರಡುವ ಮುಂಚೆ ಯಾರಾದರೂ ಎರಡು ನಿಮಿಷ ರೂಟ್, ನಿಲುಗಡೆ, ಕೈಸನ್ನೆ ವಿವರಿಸಿದರೇ? ತಲೆ ಎಣಿಸಿದರೇ? ದಾರಿಯಲ್ಲಿ ಮುಂದಿನವರು ಗುಂಡಿ, ಹಂಪ್ ಬಂದಾಗ ಕೈ ತೋರಿಸಿ ಕೂಗುತ್ತಾರೆಯೇ? ನಮ್ಮ ರಸ್ತೆಗಳಲ್ಲಿ ಬಣ್ಣ ಬಳಿಯದ ಹಂಪುಗಳೇ ಜಾಸ್ತಿ. ಸುಗ್ಗಿಯ ಕಾಲದಲ್ಲಿ ಹಳ್ಳಿಯ ಟಾರು ರಸ್ತೆ ತುಂಬ ಹುರುಳಿ, ರಾಗಿ ಹರಡಿರುತ್ತಾರೆ. ಮೇಲಿಂದ ಹಾಯ್ದರೆ ಹುರುಳಿಯ ಬಳ್ಳಿ ಹಿಂದಿನ ಗೇರಿನ ಪುಟ್ಟ ಹಲ್ಲುಚಕ್ರಕ್ಕೆ ಸುತ್ತಿಕೊಂಡು, ಬೆರಳಲ್ಲಿ ಎಳೆದರೂ ಬಾರದ ಹಾಗೆ ಹುರಿಗಟ್ಟುತ್ತದೆ. ಅನುಭವಸ್ಥ ಕ್ಲಬ್ಬಿನವರು ಇಳಿದು ತಳ್ಳಿಕೊಂಡು ಹೋಗುತ್ತಾರೆ, ರೈತರಿಗೊಂದು ನಮಸ್ಕಾರ ಹಾಕುತ್ತಾರೆ. ರಸ್ತೆ ತಮ್ಮಪ್ಪಂದು ಎಂಬಂತೆ ಜಗಳಕ್ಕೆ ನಿಲ್ಲುವವರೂ ಉಂಟು. ಕೆಂಪು ಸಿಗ್ನಲ್ಲಿನಲ್ಲಿ ನಿಲ್ಲುತ್ತಾರೋ ಇಲ್ಲವೋ ಎನ್ನುವುದಕ್ಕಿಂತ ಇದರಲ್ಲಿ ಕ್ಲಬ್ಬಿನ ಗುಣ ಚೆನ್ನಾಗಿ ಕಾಣುತ್ತದೆ. ಸಿಗ್ನಲ್ಲಿಗಂತೂ ನಿಲ್ಲಲೇಬೇಕು, ಅದರಲ್ಲಿ ಮಾತಿಲ್ಲ.

ಯಾರಿಗಾದರೂ ಪಂಕ್ಚರ್ ಆದರೆ ನಿಮ್ಮ ಅದೃಷ್ಟ, ಅದು ಕ್ಲಬ್ಬಿನ ನಿಜವಾದ ಪರೀಕ್ಷೆ. ಒಳ್ಳೆಯ ಗುಂಪಿನಲ್ಲಿ ಒಬ್ಬರು ಸೈಕಲ್ ತಲೆಕೆಳಗು ಮಾಡುತ್ತಾರೆ. ಇನ್ನೊಬ್ಬರು ಟ್ಯೂಬ್ ಎಳೆದ ಮೇಲೆ ಟೈರಿನ ಒಳಮೈಗೆ ಬೆರಳಾಡಿಸಿ ಮುಳ್ಳು ಉಳಿದಿದೆಯೇ ನೋಡುತ್ತಾರೆ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಮುಂದಿನ ಮೈಲಿಗಲ್ಲಿಗೆ ಅದೂ ಠುಸ್. ಮೂರನೆಯವರು "ನೀವು ಮುಂದೆ ನಡೀರಿ ಸರ್, ಇವರನ್ನ ನಾನು ಕರ್ಕೊಂಡ್ ಬರ್ತೀನಿ" ಅನ್ನುತ್ತಾರೆ. ಕೆಟ್ಟ ಗುಂಪಿನಲ್ಲಿ ಮುಂದಿನ ಹತ್ತು ಜನಕ್ಕೆ ಪಂಕ್ಚರ್ ಆದದ್ದೇ ಗೊತ್ತಿರುವುದಿಲ್ಲ.

ತಿಂಡಿ ಹೋಟೆಲಿನಲ್ಲಿ ಮಾತಿನ ಕಡೆಗೂ ಕಿವಿ ಇಡಿ. ಬರೀ ಕಾರ್ಬನ್ ಫ್ರೇಮಿನ ಬೆಲೆಯ ಬಗ್ಗೆಯೇ ಮಾತಾದರೆ, ನಿಮ್ಮ ಸ್ಟೀಲ್ ಸೈಕಲ್ ಕಂಡು ಯಾರಾದರೂ ನಕ್ಕರೆ, ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳಿ. "ಗೇರ್ ಯಾವಾಗ ಇಳಿಸಬೇಕು ಗೊತ್ತಾ? ಏರು ಶುರುವಾದ ಮೇಲಲ್ಲ, ಅದಕ್ಕೆ ಮುಂಚೆ" ಎಂದು ಹೇಳಿಕೊಡುವ ಒಬ್ಬರೇ ಒಬ್ಬರು ಸಿಕ್ಕರೂ ಆ ಕ್ಲಬ್ಬಿಗೆ ಇನ್ನೊಂದು ಭಾನುವಾರ ಕೊಡಿ.

ಒಂದೇ ರೈಡಿನಲ್ಲಿ ತೀರ್ಪು ಕೊಡಬೇಡಿ. ಮೂರು ಸಲ ಹೋಗಿ, ಸಾಧ್ಯವಾದರೆ ಬೇರೆ ಬೇರೆ ರೂಟಿನಲ್ಲಿ. ಅದರಲ್ಲಿ ಒಂದಾದರೂ ಏರಿನದಿರಲಿ. ಬೆಂಗಳೂರಿನವರಿಗೆ ನಂದಿಯೇ ಬೇಕೆಂದಿಲ್ಲ, ನಗರದಿಂದ ಸುಮಾರು 60 ಕಿ.ಮೀ. ಹೋಗಿ, 1478 ಮೀಟರ್ ಎತ್ತರದ ಬೆಟ್ಟ ಹತ್ತಿ, ಮತ್ತೆ ಅಷ್ಟೇ ದೂರ ವಾಪಸ್ ಬರುವುದು ಹೊಸಬರಿಗೆ ಶಿಕ್ಷೆ. ಹೊಸಬರ ಮೊದಲ ರೈಡೇ ನಂದಿ ಎಂದು ಗೊತ್ತುಮಾಡುವ ಕ್ಲಬ್ಬಿನ ವಿವೇಕದ ಬಗ್ಗೆ ನನಗೆ ಅನುಮಾನವಿದೆ.

ಹೆಜ್ಜೆ 6: ದುಡ್ಡು ಮತ್ತು ವಿಮೆ

ಬಹಳಷ್ಟು ಕ್ಲಬ್ಬುಗಳಿಗೆ ಸದಸ್ಯತ್ವ ಶುಲ್ಕವೇ ಇಲ್ಲ, ಇದ್ದರೂ ವರ್ಷಕ್ಕೆ ಸಣ್ಣ ಮೊತ್ತ. ದುಡ್ಡು ಸೋರುವುದು ಬೇರೆ ಕಡೆ. ಜರ್ಸಿ, ಪ್ಯಾಡ್ ಇರುವ ಚಡ್ಡಿ, ಶೂ, ಆ ಶೂ ಕಚ್ಚಿಕೊಳ್ಳುವ ಕ್ಲಿಪ್ ಪೆಡಲ್, ಮೀಟರ್, ಮತ್ತೆ ವರ್ಷ ಕಳೆಯುವುದರೊಳಗೆ "ಈ ಸೈಕಲ್ ಸಾಲದು" ಎಂಬ ಜ್ಞಾನೋದಯ. ಹಾಸಿಗೆ ಇದ್ದಷ್ಟೇ ಕಾಲು ಚಾಚಿ. ಮೊದಲ ಆರು ತಿಂಗಳು ಹೆಲ್ಮೆಟ್, ದೀಪ, ಪ್ಯಾಡ್ ಚಡ್ಡಿ ಇಷ್ಟಕ್ಕೆ ಮಾತ್ರ ಖರ್ಚು ಮಾಡಿ. ಹೆಲ್ಮೆಟ್ ಒಮ್ಮೆ ಜೋರಾಗಿ ನೆಲಕ್ಕೆ ಬಡಿದರೆ ಹೊರಗೆ ಬಿರುಕು ಕಾಣದಿದ್ದರೂ ಬದಲಿಸಬೇಕು, ಒಳಗಿನ ಥರ್ಮಾಕೋಲಿನಂಥ ಪದರ ಒಂದು ಪೆಟ್ಟು ಹೀರುವುದಕ್ಕೆ ಮಾತ್ರ ಇರುವುದು. ಜರ್ಸಿ ಕೊಳ್ಳಲೇಬೇಕು ಎಂದು ಒತ್ತಾಯ ಮಾಡಿದರೆ ಮೂರನೆಯ ರೈಡ್ ಆಗಲಿ ಅನ್ನಿ.

ವಿಮೆಯ ಬಗ್ಗೆ ಯಾರೂ ಮಾತಾಡುವುದಿಲ್ಲ, ನೀವೇ ಕೇಳಿ. ಊರಿನ ಕ್ಲಬ್ಬುಗಳು ಸದಸ್ಯರಿಗೆ ವಿಮೆ ಮಾಡಿಸಿರುತ್ತವೆ ಎಂದು ನಂಬಿ ಕೂರಬೇಡಿ. ಬ್ಯಾಂಕ್ ಖಾತೆಯಿರುವ 18ರಿಂದ 70 ವರ್ಷದವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ ಕೊಡುತ್ತದೆ. ಅದು ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ, ಭುಜದ ಮೂಳೆ ಮುರಿದು ಆಸ್ಪತ್ರೆ ಸೇರಿದರೆ ಬಿಲ್ ಕಟ್ಟುವುದಿಲ್ಲ. ಅದಕ್ಕೆ ಆರೋಗ್ಯ ವಿಮೆಯೇ ಬೇಕು. ಮನೆಯವರ ನಂಬರನ್ನು ಕ್ಲಬ್ಬಿನ ಒಬ್ಬರ ಬಳಿಯಾದರೂ ಕೊಟ್ಟಿರಿ. 108 ಮತ್ತು 112 ಎಲ್ಲರಿಗೂ ಗೊತ್ತು, ನಿಮ್ಮ ರಕ್ತದ ಗುಂಪು ಯಾರಿಗೂ ಗೊತ್ತಿರುವುದಿಲ್ಲ. ಚೀಟಿ ಬರೆದು ಜೇಬಿನಲ್ಲಿಡಿ.

ಹೆಜ್ಜೆ 7: ತೀರ್ಮಾನ

ಮೂರು ರೈಡ್ ಆದ ಮೇಲೆ ಸೋಮವಾರ ಬೆಳಗ್ಗೆ ಯೋಚಿಸಿ. ಭಾನುವಾರ ಸಂಜೆ ಬೇಡ, ಆಗ ಒಂದೋ ಹೆಮ್ಮೆ ಇರುತ್ತದೆ, ಇಲ್ಲ ಕಾಲು ನೋವು. ಹಿಂದೆ ಬಿದ್ದಾಗ ಯಾರಾದರೂ ಜೊತೆಗಿದ್ದರೇ? ಮನೆಯವರು ಮುಖ ಗಂಟು ಹಾಕದೆ ಒಪ್ಪಿದರೇ? ಮುಂದಿನ ಭಾನುವಾರಕ್ಕೆ ಬೇಸರವಿಲ್ಲದೆ ಅಲಾರಂ ಇಡಬಲ್ಲಿರಾ? ಮೂರಕ್ಕೂ ಹೌದು ಎಂದಾದರೆ ಸೇರಿ. ಮೊದಲನೆಯದಕ್ಕೆ ಇಲ್ಲ ಎಂದಾದರೆ ಬೇರೆ ಕ್ಲಬ್ ನೋಡಿ, ಎರಡನೆಯದಕ್ಕಾದರೆ ದಿನ ಅಥವಾ ದೂರ ಬದಲಿಸಿ. ಕೆಲವು ಗುಂಪುಗಳು ವಾರದ ನಡುವೆ ಬೆಳಗ್ಗೆ ಐದೂವರೆಯಿಂದ ಏಳರವರೆಗೆ ಇಪ್ಪತ್ತೈದು ಕಿ.ಮೀ. ಹೋಗಿ ಬರುತ್ತವೆ, ಸಂಸಾರಸ್ಥರಿಗೆ ಅದೇ ಸರಿ. ಮೂರನೆಯದಕ್ಕೆ ಇಲ್ಲ ಎಂದರೆ ನಿಮಗೆ ಒಂಟಿ ಸವಾರಿಯೇ ಇಷ್ಟವಿರಬಹುದು. ಅದರಲ್ಲಿ ಯಾವ ಕೊರತೆಯೂ ಇಲ್ಲ.

ಸೇರಿದ ಮೇಲೆ ಬಿಡುವುದೂ ಕಷ್ಟವಲ್ಲ. ಸದ್ದಿಲ್ಲದೆ ಗುಂಪಿನಿಂದ ಎಕ್ಸಿಟ್ ಆಗುವ ಬದಲು ರೈಡ್ ನಡೆಸುವ ಕ್ಯಾಪ್ಟನ್‌ಗೆ ಒಂದು ಮಾತು ಹೇಳಿ ಹೊರಡಿ, ಊರು ಚಿಕ್ಕದು, ರಸ್ತೆಯಲ್ಲಿ ಮತ್ತೆ ಎದುರಾಗುತ್ತೀರಿ.

ನಿಮ್ಮ ಊರಿನಲ್ಲಿ ಕ್ಲಬ್ಬೇ ಇಲ್ಲವಾದರೆ ಮೂರು ಜನ ಸಾಕು. ಸೈಕಲ್ ಅಂಗಡಿಯವರನ್ನು ಕೇಳಿದರೆ ಗೇರ್ ಸೈಕಲ್ ಕೊಂಡವರು ಯಾರ್ಯಾರು ಎಂದು ಹೇಳುತ್ತಾರೆ. ದಿನ, ಹೊತ್ತು, ಜಾಗ ಮೂರನ್ನೂ ಒಂದೇ ಸಲ ಗೊತ್ತುಮಾಡಿ, ವಾರವಾರ ಬದಲಿಸಬೇಡಿ: ಭಾನುವಾರ, ಆರು ಗಂಟೆ, ಬಸ್ ಸ್ಟ್ಯಾಂಡ್ ಎದುರು. ಮೊದಲ ತಿಂಗಳು ಇಪ್ಪತ್ತು ಕಿ.ಮೀ. ಮೀರಬೇಡಿ. ಯಾರೂ ಬಾರದ ಭಾನುವಾರವೂ ನೀವೊಬ್ಬರು ಹೋಗಿ ಹತ್ತು ನಿಮಿಷ ಕಾದು ಹೊರಡಿ, ಮಳೆ ಬಂದರೆ ಮಾತ್ರ ರಜೆ.